ಈ ವಾರದ ಓದು: ಮೇಲ್ಪಂಕ್ತಿ

ಪ್ರಿಯ ಸಹೋದರ ಸಹೋದರಿಯರೇ, ಕರ್ತನಲ್ಲಿ ವಂದನೆಗಳು.

ಈ ವಾರ ಎಲ್ಲರೂ 1 ಪೇತ್ರ 2:21ರಿಂದ 23ರವರೆಗೆ ಓದಿಕೊಳ್ಳಿ. ಕ್ರಿಸ್ತನು ನಮಗೆ ಮಾದರಿಯನ್ನು ಬಿಟ್ಟುಹೋದನು ಎನ್ನುವಲ್ಲಿ ಮೂಲ ಗ್ರೀಕಿನಲ್ಲಿರುವ ಪದ ‘ಹುಪೊಗ್ರಮ್ಮೊಸ್’. ಅಕ್ಷರ ಕಲಿಯುವ ಮಕ್ಕಳು ನೋಡಿ ತಿದ್ದಲೆಂದು ಗುರು ಬರೆದುಕೊಡುವ ಸಾಲು ಅದು. ನಮ್ಮ ‘ಮೇಲ್ಪಂಕ್ತಿ’ ಎಂಬ ಮಾತು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಪರಿಶುದ್ಧ ಜೀವನ ಎಂದಕೂಡಲೇ ನಮಗೆ ಉಪವಾಸ, ದೀರ್ಘ ಪ್ರಾರ್ಥನೆಗಳು ನೆನಪಾಗುತ್ತವೆ. ಪೇತ್ರನು ಇಲ್ಲಿ ಎತ್ತಿ ತೋರಿಸುವುದು ಬೇರೆಯದನ್ನು: ಬೈದವರಿಗೆ ಯೇಸು ತಿರುಗಿ ಬೈಯಲಿಲ್ಲ, ಬಾಧೆಪಡುವಾಗ ಬೆದರಿಸಲಿಲ್ಲ, ನ್ಯಾಯವನ್ನು ದೇವರಿಗೆ ಒಪ್ಪಿಸಿದನು. ನನಗಂತೂ ಇದಕ್ಕಿಂತ ಉಪವಾಸವೇ ಸುಲಭ! ಹೀಗೆ ಬರೆದ ಪೇತ್ರನೇ ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ಆತನನ್ನು ಮೂರು ಸಲ ಅಲ್ಲಗಳೆದವನು ಎಂಬುದೇ ನನ್ನ ಧೈರ್ಯ.

ಬಿಡುವಿದ್ದವರು ಯೋಹಾನ 13ನ್ನೂ ಓದಿ. ಅಂದು ಯೇಸುವಿನಿಂದ ಕಾಲು ತೊಳೆಸಿಕೊಂಡ ಶಿಷ್ಯರಲ್ಲಿ ಆತನನ್ನು ಹಿಡಿದುಕೊಡಲಿದ್ದ ಯೂದನೂ ಇದ್ದನು.

ಒಂದು ವಿನಂತಿ. ಈ ವಾರ ಬೇರೆಡೆಯಿಂದ ಬಂದ ಸಿದ್ಧ ಸಂದೇಶಗಳನ್ನು ಇಲ್ಲಿಗೆ ರವಾನಿಸಬೇಡಿ. ತಿರುಗಿ ಮಾತನಾಡಬೇಕೆನಿಸಿಯೂ ನಾಲಿಗೆ ಬಿಗಿಹಿಡಿದ ಒಂದು ಸಂದರ್ಭವನ್ನು ಎರಡು ಸಾಲಿನಲ್ಲಿ ಬರೆಯಿರಿ. ಹಿಡಿಯಲಾಗದಿದ್ದರೆ ಅದನ್ನೂ ಬರೆಯಿರಿ. ಜಗಳವಾಡಿದವರ ಹೆಸರು ಮಾತ್ರ ಬೇಡ.