ಭಾನುವಾರದ ಶೂಟಿಂಗ್: ಎಲ್ಲರೂ ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಿನಿಮಾ ಶೂಟಿಂಗಿಗೆ ಭಾನುವಾರ ಬೆಳಗ್ಗೆ 6ಕ್ಕೆ ಬೀದರ್ ಚೌಬಾರಾ (ಊರ ನಡುವಿನ ಹಳೇ ಗೋಪುರ) ಹತ್ತಿರ ಸೇರೋಣ. ತಡ ಬೇಡ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ 6:50ರ ಸುಮಾರಿಗೆ, ಆಮೇಲೆ ಒಂದು ತಾಸು ಸಿಗುವ ಮೆತ್ತನೆ ಬೆಳಕೇ ನಮ್ಮ ಲೈಟು, ಬೇರೆ ಲೈಟಿಗೆ ದುಡ್ಡೂ ಇಲ್ಲ, ಈ ಕಥೆಗೆ ಅದು ಬೇಕಾಗಿಯೂ ಇಲ್ಲ.

ಕೋಟೆಯೊಳಗೆ ತೆಗೆಯೋದು ಬೇಡ. ಪುರಾತತ್ವ ಇಲಾಖೆಯ ಅನುಮತಿ ಬೇಕು, ಶುಲ್ಕವೂ ಇದೆ. ಕಾಕಾ ಅವರ ಹಳೇ ಮನೆ ಸಿಕ್ಕಿದೆ, ನಿನ್ನೆ ನೋಡಿ ಬಂದೆ. 9 ಗಂಟೆಗೆ ಬೆಳಕಿಂಡಿಯಿಂದ ಬಿಸಿಲುಕೋಲು ನೇರ ಒಲೆಯ ಮುಂದೆ ಬೀಳುತ್ತದೆ, ಒಲೆ ಹೊಗೆ ಎದ್ದಾಗ ಆ ಕೋಲು ಇನ್ನೂ ಚೆನ್ನಾಗಿ ಕಾಣುತ್ತದೆ, ಅಜ್ಜಿ ರೊಟ್ಟಿ ಬಡಿಯುವ ದೃಶ್ಯ ಅಲ್ಲೇ. ಗೋಡೆ ಮಾತ್ರ ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಹತ್ತಿರ ನಿಂತರೆ ಮುಖಕ್ಕೂ ಕೆಂಪು ಹೊಡೆಯುತ್ತದೆ. ಎರಡು ಹೆಜ್ಜೆ ದೂರ ನಿಲ್ಲಿಸಿ, ಮುಖಕ್ಕೆ ಬಿಳಿ ಬೆಳಕು ಬೀಳುವ ಹಾಗೆ ಪಕ್ಕದಲ್ಲಿ ಬಿಳಿ ಥರ್ಮಾಕೋಲ್ ಹಿಡಿಯಿರಿ.

ಫೋನಿನಲ್ಲಿ ಆಟೋ ಬೇಡ, ಪ್ಲೀಸ್. ಎಕ್ಸ್‌ಪೋಶರ್ (ಚಿತ್ರ ಎಷ್ಟು ಬೆಳ್ಳಗೆ ಬರಬೇಕು ಅನ್ನೋದು), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡೂ ಲಾಕ್ ಮಾಡಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ಹೊರಗೆ ಬೆಳಕು ಜಾಸ್ತಿಯಾದರೆ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬೀಳುವ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು) ಹಾಕಿ. ಹೋದ ಸಲ ಮೋಡ ಬಂದಾಗಲೆಲ್ಲ ಬಣ್ಣ ಬದಲಾಗಿ ಒಳ್ಳೆ ಎರಡು ಶಾಟ್ ಜೋಡಿಸಲಿಕ್ಕೇ ಆಗಲಿಲ್ಲ, ನನಗೆ ಇನ್ನೂ ಬೇಜಾರಿದೆ.

11ರಿಂದ 3ರ ತನಕ ಹೊರಗೆ ಶಾಟ್ ಇಲ್ಲ, ನೆತ್ತಿ ಮೇಲಿನ ಬಿಸಿಲಿಗೆ ಕಣ್ಣಿನ ಗುಳಿ ಕಪ್ಪಾಗುತ್ತದೆ ಅಲ್ವಾ? ಆಗ ಊಟ, ಧ್ವನಿ ರೆಕಾರ್ಡಿಂಗ್.

ಕಿಟಕಿಗೆ ಕಟ್ಟಲು ತೆಳು ಬಿಳಿ ಧೋತರ ಬೇಕು. ಯಾರು ತರುತ್ತೀರಿ, ಇವತ್ತೇ ಹೇಳಿ.