ಹಳೆಯ ಟ್ರಕ್ಕಿನ ರಿಪೇರಿಗೂ ನಿಮ್ಮ ಮಂಡಿಯ ಆಪರೇಷನ್ನಿಗೂ ಸಂಬಂಧವಿಲ್ಲ, ಅಪ್ಪ

ಲ್ಯಾನ್ಸಿಂಗ್, ಮಿಶಿಗನ್

ತೀರ್ಥರೂಪು ಅಪ್ಪನವರ ಪಾದಗಳಿಗೆ ಮಗ ಸುರೇಶನು ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪತ್ರ ತಲುಪಿತು. ನಾನು ಟ್ರಕ್ಕಿನ ಅಡಿಯಲ್ಲಿ ಮಲಗಿದ್ದ ಫೋಟೋವನ್ನು ರಘು ತೋರಿಸಿದ ಮೇಲೆ, ಮೆಕ್ಯಾನಿಕ್ಕಿಗೆ ಕೊಡಲೂ ಮಗನ ಕೈಯಲ್ಲಿ ಹಣವಿಲ್ಲವೆಂದು ಭಾವಿಸಿ ನೀವು ಮಂಡಿಯ ಆಪರೇಷನ್ನನ್ನೇ ಮುಂದಕ್ಕೆ ಹಾಕಿದ್ದೀರೆಂದು ಓದಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಾಗೇನೂ ಇಲ್ಲ, ಅಪ್ಪ. ಕೆಲಸ ಭದ್ರವಾಗಿದೆ, ಸಂಬಳ ತಪ್ಪದೆ ಬರುತ್ತಿದೆ, ಆಪರೇಷನ್ನಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಡಾಲರನ್ನೂ ನಾನು ಮುಟ್ಟಿಲ್ಲ. ಎಂಜಿನ್ ವಿಷಯ ನಿಮಗೆ ತಿಳಿಯದ್ದಲ್ಲ. ನಡೆದದ್ದನ್ನು ಬರೆಯುತ್ತೇನೆ, ಓದಿ ನೀವೇ ತೀರ್ಮಾನಿಸಿ.

ಗಾಡಿ 2004ರದು, 5.3 ಲೀಟರಿನ ಎಂಟು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಎಂಜಿನ್ನಿನ ಒಳಗೆ ಯಾವ ದೋಷವೂ ಇಲ್ಲ, ಕಾಟವೆಲ್ಲ ತುಕ್ಕಿನದು. ಇಲ್ಲಿ ಚಳಿಗಾಲ ಬಂದರೆ ಹಿಮ ಕರಗಲೆಂದು ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚಿನ ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿಯಿದೆ ಎಂದರೆ ಅಮ್ಮ ನಂಬಲಿಕ್ಕಿಲ್ಲ. ಆ ಉಪ್ಪುನೀರು ಗಾಡಿಯ ತಳಕ್ಕೆ ಸಿಡಿದು ಸೈಲೆನ್ಸರ್ ಪೈಪು, ನಟ್ಟು, ಬೋಲ್ಟು ಯಾವುದನ್ನೂ ಉಳಿಸುವುದಿಲ್ಲ. ಹೀಗಿದ್ದೂ ಈ ರಾಜ್ಯದಲ್ಲಿ ನಮ್ಮ ಎಫ್‌ಸಿಯಂಥ ತಪಾಸಣೆ ಖಾಸಗಿ ಗಾಡಿಗಳಿಗೆ ಇಲ್ಲ. ನೋಡಿಕೊಳ್ಳುವ ಹೊಣೆ ಪೂರ್ತಿ ಮಾಲೀಕನದೇ.

ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಬಲಗಡೆಯಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು, ಎಂಜಿನ್ ಕಾದ ಮೇಲೆ ಅಡಗುತ್ತಿತ್ತು. ಹೊಗೆ ಒಟ್ಟುಗೂಡುವ ಮ್ಯಾನಿಫೋಲ್ಡ್ ಎರಕದ ಕಬ್ಬಿಣದ್ದು, ಅದು ಕೂರುವ, ಸಿಲಿಂಡರುಗಳನ್ನು ಮುಚ್ಚುವ ಹೆಡ್ ಅಲ್ಯೂಮಿನಿಯಮ್ಮಿನದು. ಕಾದಾಗ ಎರಡೂ ಒಂದೇ ಸಮನೆ ಹಿಗ್ಗುವುದಿಲ್ಲವಾದ್ದರಿಂದ, ವರ್ಷಗಟ್ಟಲೆ ಆ ಎಳೆದಾಟವನ್ನು ತಡೆದ, ತುಕ್ಕು ತಿಂದ ಹಿಂದಿನ ಕೊನೆಯ ಬೋಲ್ಟಿನ ತಲೆ ಮುರಿದು, ಅಲ್ಲಿಂದ ಹೊಗೆ ಸೋರುತ್ತಿತ್ತು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿಕೊಂಡು ಓಡಿಸುವ ಚಳಿಗಾಲದಲ್ಲಿ ಅದು ಒಳಗೆ ಸೇರಿದರೆ ಅಪಾಯ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಾದ್ದರಿಂದ ಹಿಮ ಬೀಳುವ ಮೊದಲೇ ಮುಗಿಸಬೇಕಿತ್ತು. ಸೋರಿದ ಕಡೆಯಿಂದ ಹೊರಗಿನ ಗಾಳಿ ಒಳನುಗ್ಗಿ ಆಕ್ಸಿಜನ್ ಸೆನ್ಸರಿಗೆ ತಗಲಿದರೆ, ಪೆಟ್ರೋಲು ಸಾಲುತ್ತಿಲ್ಲವೆಂದು ತಿಳಿದ ಕಂಪ್ಯೂಟರು ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಆ ನಷ್ಟ ಬೇರೆ.

ಗ್ಯಾರೇಜಿನವರು 1,200 ಡಾಲರಿಗೂ ಮೇಲೆ ಕೇಳಿದರು, ಅದರಲ್ಲಿ ಹೆಚ್ಚಿನದು ಕೂಲಿಯೇ. ಹೊಸ ಗ್ಯಾಸ್ಕೆಟ್ಟು, ಬೋಲ್ಟುಗಳು ಎಲ್ಲ ಸೇರಿ 100 ಡಾಲರೊಳಗೆ ಬಂದವು. ನನ್ನಲ್ಲಿಲ್ಲದ ರಿಪೇರಿ ಸಲಕರಣೆಗಳನ್ನು ಬಿಡಿಭಾಗದ ಅಂಗಡಿಯವರೇ ಠೇವಣಿ ಇರಿಸಿಕೊಂಡು ಕೊಟ್ಟು, ಹಿಂದಿರುಗಿಸಿದಾಗ ಪೂರ್ತಿ ಹಣ ಮರಳಿಸಿದರು. ಇಂಥ ಏರ್ಪಾಟು ನಮ್ಮ ಊರಿಗೂ ಬರಬೇಕು ಎಂಬುದು ನನ್ನ ಆಸೆ.

ಮುರಿದ ಬೋಲ್ಟಿನ ಬುಡ ಹೆಡ್ಡಿನೊಳಗೇ ಕಚ್ಚಿಕೊಂಡಿತ್ತು. ಮೊದಲು ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ನೆನೆಯಲು ಬಿಟ್ಟೆ. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ಹಿರಿಯರು ಬ್ಯಾಟರಿಯ ತಂತಿ ಬಿಚ್ಚಿಸಿ, ಆ ಮೋಟಿನ ಮೇಲೆ ನಟ್ಟೊಂದನ್ನು ಇಟ್ಟು ವೆಲ್ಡಿಂಗ್ ಮಾಡಿಕೊಟ್ಟರು. ಕೆಂಪಗೆ ಕಾದ ನಟ್ಟು ಆರುತ್ತ ಬಂದಾಗ ಸ್ಪ್ಯಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟೇ ಆಡಿಸುತ್ತ ಹೋದೆ. ಕಿರ್ರೆಂದು ಸದ್ದು ಮಾಡಿ, ಥ್ರೆಡ್ಡಿನ ಸಂದಿನಿಂದ ಕಂದು ಪುಡಿ ಉದುರಿಸುತ್ತ ಇಡೀ ಬೋಲ್ಟು ಹೊರಬಂತು. ಆಗಿನ ಸಂತೋಷ ನಿಮಗಲ್ಲದೆ ಮತ್ತಾರಿಗೆ ಅರ್ಥವಾದೀತು? ಹೊಸ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಗಿನ ಕಡೆಗೆ, ಮೊದಲ ಸುತ್ತಿನಲ್ಲಿ 15, ಎರಡನೆಯದರಲ್ಲಿ 25 ನ್ಯೂಟನ್ ಮೀಟರಿನಷ್ಟು, ಟಾರ್ಕ್ ರೆಂಚಿನಲ್ಲೇ ಬಿಗಿದಿದ್ದೇನೆ. ಈಗ ಟಿಕ್ ಟಿಕ್ ಸದ್ದು ಪೂರ್ತಿ ನಿಂತಿದೆ.

ಅಮ್ಮ ಹೆದರಬಾರದು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ನಾನು ಎಂದೂ ಹೋಗುವುದಿಲ್ಲ. ಕಾಂಕ್ರೀಟ್ ನೆಲದ ಮೇಲೆ ಚಾಸಿಗೆ ಉಕ್ಕಿನ ಸ್ಟ್ಯಾಂಡು ಕೊಟ್ಟು, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಗಾಡಿಯನ್ನು ಕೈಯಿಂದ ಜಗ್ಗಿ ನೋಡಿದ ಮೇಲೆಯೇ ಮಲಗುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡಿ ನೋಡುವಾಗ ಗಾಡಿಯನ್ನು ಅಂಗಳಕ್ಕೇ ತಂದಿರುತ್ತೇನೆ.

ಇಲ್ಲಿ ಡಾಕ್ಟರು, ಮೇಷ್ಟ್ರು ಎನ್ನದೆ ಅನೇಕರು ತಮ್ಮ ಗಾಡಿಗೆ ತಾವೇ ಕೈಹಾಕುತ್ತಾರೆ, ಅದನ್ನು ಯಾರೂ ಬಡತನವೆಂದು ಎಣಿಸುವುದಿಲ್ಲ. ತೋಟದ ಡೀಸೆಲ್ ಎಂಜಿನ್ನಿನ ಹೆಡ್ ಬಿಚ್ಚಿ ನೀವೇ ಪಿಸ್ಟನ್ ರಿಂಗು ಹಾಕುತ್ತಿದ್ದಾಗ, ಹಣವಿಲ್ಲದೆ ಮಾಡುತ್ತಿದ್ದೀರೆಂದು ಶ್ರೀಕಂಠ ಮಾವನೂ ಹೇಳಲಿಲ್ಲವಲ್ಲ. ನನಗೆ ಈ ಕೆಲಸ ಬಂದದ್ದು ನಿಮ್ಮ ಕೈ ನೋಡಿಯೇ.

ಆದ್ದರಿಂದ ದಯವಿಟ್ಟು ಆಪರೇಷನ್ ಮುಂದಕ್ಕೆ ಹಾಕಬೇಡಿ. ಹಣ ಇದೆ, ಸಾಕಷ್ಟು ಇದೆ. ಗ್ಯಾರೇಜಿಗೆ ಕೊಡದೆ ಉಳಿದ ಹಣವನ್ನೂ ಅದಕ್ಕೇ ಸೇರಿಸಿ ಸುಮಳ ಖಾತೆಗೆ ಈ ವಾರವೇ ಕಳಿಸುತ್ತೇನೆ. ಅಡಿಕೆ ಮಾರಿದ ದುಡ್ಡನ್ನು ಮುಟ್ಟಬೇಡಿ, ಸೊಸೈಟಿಯಲ್ಲಿ ಸಾಲ ಕೇಳುವುದಂತೂ ಬೇಡವೇ ಬೇಡ. ನಾಳೆಯೇ ರಘುವಿನ ಜೊತೆ ಹೋಗಿ ಡಾಕ್ಟರಿಂದ ದಿನಾಂಕ ಗೊತ್ತುಮಾಡಿಸಿ ನನಗೆ ಫೋನ್ ಮಾಡಿಸಿ, ಟಿಕೆಟ್ ತೆಗೆಯಬೇಕು.

ಕೆಲಸಕ್ಕೆ ಹೊತ್ತಾಯಿತು. ಉಳಿದದ್ದು ಫೋನಿನಲ್ಲಿ.

ಇಂತಿ ನಿಮ್ಮ ಮಗ,
ಸುರೇಶ