ಎಡಿಎಚ್‌ಡಿ ಮಕ್ಕಳ ಪೋಷಕರಿಗೆ ಕೆಲಸದ ವೇಳೆ ಸಡಿಲಿಸಿ

ಮಾನ್ಯರೇ,

ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ಸಮಸ್ಯೆ) ಇರುವ ಮಗುವಿನ ತಾಯಿಗೆ ಶಾಲೆಯಿಂದ ಫೋನ್ ಬರುವುದು ಹೆಚ್ಚಾಗಿ ಮೀಟಿಂಗ್ ನಡುವೆಯೇ: ‘ಪಾಠದ ಮಧ್ಯೆ ಎದ್ದು ಓಡಿದ, ಬಂದು ಕರೆದುಕೊಂಡು ಹೋಗಿ.’ ಮತ್ತೆ ಅರ್ಧ ದಿನ ರಜೆ, ಮೇಲಧಿಕಾರಿಯ ಗೊಣಗಾಟ. ‘ಮಗನಿಗೆ ಸ್ವಲ್ಪ ಶಿಸ್ತು ಕಲಿಸಿ’ ಎಂಬ ಬಿಟ್ಟಿ ಉಪದೇಶ ಬೇರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ, ಕಲಿಕಾ ನ್ಯೂನತೆ ಇವೆ, ಎಡಿಎಚ್‌ಡಿ ಇಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 730 ದಿನಗಳ ಶಿಶುಪಾಲನಾ ರಜೆಯಾದರೂ ಉಂಟು, ಖಾಸಗಿ ಕಂಪನಿಯವರಿಗೆ ಅಂಥ ಕಾನೂನೇ ಇಲ್ಲ. ಥೆರಪಿಯ ದಿನ ಎರಡು ತಾಸು ಹಿಂದೆ ಮುಂದೆ ಮಾಡಿಕೊಟ್ಟರೆ ಯಾವ ಕಂಪನಿಯೂ ಮುಳುಗುವುದಿಲ್ಲ. (ಅಪ್ಪಂದಿರಿಗೂ ಕೊಡಿ; ಶಾಲೆಯ ಫೋನ್ ಅವರಿಗೂ ಹೋಗಲಿ.) ಕಾರ್ಮಿಕ ಇಲಾಖೆ ಈ ಬಗ್ಗೆ ಸುತ್ತೋಲೆ ಹೊರಡಿಸಲಿ. ಎಡಿಎಚ್‌ಡಿಯನ್ನು ಪಟ್ಟಿಗೆ ಸೇರಿಸುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಲಿ.

– ಉದ್ಯೋಗಸ್ಥ ತಾಯಿ, ಬೆಂಗಳೂರು